ಅಜ್ಜಿಯ ದನಿ ಇದ್ದ ನಾಲ್ಕು ಡಿಸ್ಕು

ನಿಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬಿ ಇರಬಹುದು. ಮೂಲೆಯಲ್ಲಿ ಗುಂಯ್ ಅನ್ನುತ್ತಾ, ಊರಿನ ಫೋಟೊ, ಮದುವೆ ವಿಡಿಯೊ ಎಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಕೂತಿರೋ ಡಬ್ಬಿ. ಲಾರೆನ್ಸ್‌ವಿಲ್‌ನ ನಮ್ಮ ಮನೆಯ ಬೇಸ್‌ಮೆಂಟ್‌ನಲ್ಲಿದ್ದದ್ದು ಲಿನಕ್ಸ್ ಹಾಕಿದ ಹಳೇ ಕಂಪ್ಯೂಟರು. ಒಳಗೆ 4 ಟೆರಾಬೈಟಿನ ನಾಲ್ಕು ಡಿಸ್ಕು. ಅಜ್ಜಿ ಹೇಳಿದ ಕತೆಗಳ ರೆಕಾರ್ಡಿಂಗ್ ಅದರಲ್ಲೇ ಇತ್ತು. ಅಜ್ಜಿ ಈಗಿಲ್ಲ. ಬೇರೆ ಕಾಪಿಯೂ ಇರಲಿಲ್ಲ.

ಯಾಕಿರಲಿಲ್ಲ ಅಂತೀರಾ? "ರೇಯ್ಡ್ ಇದೆಯಲ್ಲ" ಅನ್ನೋ ಧೈರ್ಯ.

ರೇಯ್ಡ್ ಅನ್ನೋ ಹೆಸರು ಬಳಕೆಗೆ ಬಂದದ್ದು ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಸೇರಿ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ಲೆಕ್ಕ ಸರಳ. ಮೂರು ಚೀಟಿಯಲ್ಲಿ 7, 5, 9 ಅಂತ ಬರೆದು, ನಾಲ್ಕನೆಯದರಲ್ಲಿ ಮೊತ್ತ 21 ಬರೆದಿಡಿ. ಯಾವ ಒಂದು ಚೀಟಿ ಕಳೆದರೂ ಉಳಿದ ಮೂರರಿಂದ ಕಂಡುಹಿಡಿಯಬಹುದು. ರೇಯ್ಡ್ 5 ಮಾಡೋದು ಹೆಚ್ಚುಕಮ್ಮಿ ಇದನ್ನೇ. ಮೊತ್ತವನ್ನು ಮಾತ್ರ ಒಂದೇ ಡಿಸ್ಕಿನಲ್ಲಿಡದೆ ನಾಲ್ಕಕ್ಕೂ ಹಂಚುತ್ತೆ. ಆದರೆ ಎರಡು ಚೀಟಿ ಕಳೆದರೆ? ಕತೆ ಮುಗೀತು.

ಬೇಸಿಗೆಯ ಒಂದು ಸಂಜೆ ಜಾರ್ಜಿಯಾದ ಮಾಮೂಲಿ ಗುಡುಗುಮಳೆ. ಕರೆಂಟು ಹೋಯ್ತು, ಬಂತು, ಮತ್ತೆ ಹೋಯ್ತು. ಮೆಶೀನು ಎದ್ದಾಗ ಅರೇ ಏಳಲಿಲ್ಲ. ನಾಲ್ಕರಲ್ಲಿ ಎರಡು ಡಿಸ್ಕು ಗುಂಪಿನ ಹೊರಗೆ!

ಅದೇ ವಾರ ಅಮ್ಮ ಫೋನಿನಲ್ಲಿ ಹೇಳಿದ್ದರು: "ಅಜ್ಜಿ ತಿಥಿ ಬರ್ತಿದೆ ಕಣೋ, ಆ ಕಾಗಕ್ಕ ಗುಬ್ಬಕ್ಕನ ಕತೆ ಕಳಿಸು, ಎಲ್ರೂ ಕೂತು ಕೇಳೋಣ." ಮಳೆಗೆ ಕಾಗಕ್ಕನ ಮನೆ ಕೊಚ್ಚಿಹೋಗೋ ಕತೆ. ಸರಿಯಾಗಿತ್ತು ನನ್ನ ಪರಿಸ್ಥಿತಿಗೆ.

ಇಂಥ ಹೊತ್ತಲ್ಲಿ ಏನಾದರೂ ಮಾಡಿಬಿಡಬೇಕು ಅಂತ ಕೈ ತುರಿಸುತ್ತೆ. ಅರೇಯನ್ನು ಹೊಸದಾಗಿ ಕಟ್ಟೋ ಕಮಾಂಡು ಒಂದಿದೆ. ಅರ್ಧ ಟೈಪ್ ಮಾಡಿಯೂಬಿಟ್ಟಿದ್ದೆ. ಡಿಸ್ಕುಗಳ ಕ್ರಮ ತಪ್ಪಿ ಕೊಟ್ಟಿದ್ದರೆ, ಉಳಿದದ್ದನ್ನೂ ಅದೇ ಅಳಿಸಿಬಿಡಬಹುದಿತ್ತು. ಅಳಿಸಿ, ಎದ್ದುಹೋಗಿ ಕಾಫಿ ಮಾಡಿಕೊಂಡೆ.

ಆಮೇಲೆ ಮಾಡಿದ್ದು ಬರೀ ಓದೋ ಕೆಲಸ. ಪ್ರತಿ ಡಿಸ್ಕಿನಲ್ಲೂ ಒಂದು ಎಣಿಕೆ ಇರುತ್ತೆ, ಹಾಜರಿ ಪುಸ್ತಕ ಇದ್ದ ಹಾಗೆ. ಎಮ್‌ಡಿಆಡಮ್ ಅನ್ನೋ ಸಾಧನದಿಂದ ನೋಡಿದೆ. ಎರಡು ಡಿಸ್ಕಿನ ಎಣಿಕೆ ಒಂದೇ. ಮೂರನೆಯದು ಸ್ವಲ್ಪವೇ ಹಿಂದೆ. ಅದು ಮಳೆಯ ದಿನ ಬಿದ್ದದ್ದು. ನಾಲ್ಕನೆಯದು ತುಂಬಾ ಹಿಂದೆ. ಅಂದರೆ ಅದು ತಿಂಗಳುಗಳ ಹಿಂದೆಯೇ ಸದ್ದಿಲ್ಲದೆ ಹೊರಬಿದ್ದಿತ್ತು! ಎಚ್ಚರಿಕೆಯ ಮೇಲ್ ಬರೋ ಹಾಗೆ ನಾನು ಮಾಡಿಟ್ಟಿರಲಿಲ್ಲ. ತಪ್ಪು ಗುಡುಗಿನದಲ್ಲ, ನನ್ನದು.

ಮೂರು ಹೊಸ ಡಿಸ್ಕು ತಂದೆ. ಮೊದಲ ಮೂರನ್ನೂ ಡಿಡಿರೆಸ್ಕ್ಯೂ ಬಳಸಿ ಪೂರ್ತಿ ನಕಲು ಮಾಡಿದೆ. ಓದೋಕೆ ಸುಲಭವಾದ ಜಾಗಗಳನ್ನು ಅದು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ವಾಪಸ್ ಬರುತ್ತೆ. ಒಂದೊಂದಕ್ಕೂ ಗಂಟೆಗಟ್ಟಲೆ ಕಾದೆ. ಇನ್ನು ಏನೇ ಎಡವಟ್ಟಾದರೂ ಆಗೋದು ನಕಲಿಗೆ ತಾನೆ. ಆ ಧೈರ್ಯದ ಮೇಲೆ, ಹಳೇ ನಾಲ್ಕನೆಯದನ್ನು ಬಿಟ್ಟು, ನಕಲುಗಳನ್ನು 'ಫೋರ್ಸ್' ಅಂತ ಹೇಳಿ ಜೋಡಿಸಿದೆ. ಅರೇ ಎದ್ದಿತು. ಏನೂ ಬರೆಯೋಕೆ ಆಗದ ಹಾಗೆ, ಓದೋಕೆ ಮಾತ್ರ ತೆರೆದೆ.

ಎರಡು ವಿಡಿಯೊ ಹಾಳಾಗಿದ್ದವು. ಕಾಗಕ್ಕ ಗುಬ್ಬಕ್ಕ ಸಿಕ್ಕಿದರು. ಅಜ್ಜಿ ಮೊದಲು ಕೆಮ್ಮಿ, "ಶುರು ಮಾಡ್ಲೇನೋ?" ಅಂದರು. ಬೇಸ್‌ಮೆಂಟ್ ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದೆ.

ರೇಯ್ಡ್ ಬ್ಯಾಕಪ್ ಅಲ್ಲ ಅನ್ನೋ ಮಾತು ಗೊತ್ತಿತ್ತು, ತಲೆಗೆ ಇಳಿದಿರಲಿಲ್ಲ. ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ನಿಯಮ ನೆನಪಿಡಿ: ಮೂರು ಕಾಪಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ನಮ್ಮ ಮೂರನೇ ಕಾಪಿ ಈಗ ಮೈಸೂರಿನಲ್ಲಿ ಅಕ್ಕನ ಬೀರುವಿನಲ್ಲಿದೆ, ರೇಷ್ಮೆ ಸೀರೆಗಳ ಮಧ್ಯೆ.

ನಿಮ್ಮ ಅಜ್ಜಿಯ ದನಿ ಎಷ್ಟು ಕಡೆ ಇದೆ? ಈ ಶನಿವಾರ ಒಮ್ಮೆ ಎಣಿಸಿ ನೋಡಿ.