ಊರಿಗೆ ಹದಿನೈದು ಮಂದಿ

ಬೇಸಗೆಯ ಒಂದು ಭಾನುವಾರದ ಮಧ್ಯಾಹ್ನ. ಐರ್ಲೆಂಡಿನ ಟಿಪ್ಪರರಿ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಇಗರ್ಜಿಯ ಪ್ರಾರ್ಥನೆ ಮುಗಿದಿದೆ, ಊಟವೂ ಆಗಿದೆ. ಇನ್ನು ಊರಿಗೆ ಊರೇ ಹೊರಡುವುದು ಒಂದೇ ದಿಕ್ಕಿಗೆ: ಹರ್ಲಿಂಗ್ ಆಟದ ಮೈದಾನಕ್ಕೆ. ಇಂದಿನ ಎದುರಾಳಿಗಳು ನೆರೆಯೂರಿನವರು. ವಾರವೆಲ್ಲ ಒಂದೇ ಅಂಗಡಿಯಲ್ಲಿ ಕೊಳ್ಳುವವರು, ಮದುವೆ ಸಾವುಗಳಲ್ಲಿ ಕೂಡುವವರು, ಈ ಒಂದು ಗಂಟೆಯ ಮಟ್ಟಿಗೆ ಪರಸ್ಪರ ಮುಖ ನೋಡರು.

ಹರ್ಲಿಂಗ್ ಕೋಲುಚೆಂಡಿನ ಆಟ. ತಂಡಕ್ಕೆ 15 ಮಂದಿ. ಆ್ಯಶ್ ಎಂಬ ಮರದಿಂದ ಮಾಡಿದ ಕೋಲು ಹಾಕಿಯ ಕೋಲಿನಂತೆ ಬಾಗಿದ್ದರೂ ತುದಿಯಲ್ಲಿ ಅದಕ್ಕಿಂತ ಅಗಲ, ಚಪ್ಪಟೆ. ಅಂಗೈಗೆ ಹಿಡಿಸುವ ತೊಗಲಿನ ಚೆಂಡು ನೆಲಕ್ಕಿಂತ ಗಾಳಿಯಲ್ಲಿರುವುದೇ ಹೆಚ್ಚು. ಅದನ್ನು ಕೈಯಲ್ಲಿ ಹಿಡಿಯಬಹುದು. ಕೋಲಿನ ಮೇಲೆ ನಿಲ್ಲಿಸಿಕೊಂಡು ಓಡಲೂಬಹುದು. ಅಡ್ಡಪಟ್ಟಿಯ ಕೆಳಗೆ ಬಲೆಯನ್ನು ಹೊಕ್ಕರೆ ಗೋಲು, ಅದಕ್ಕೆ 3 ಅಂಕ. ಪಟ್ಟಿಯ ಮೇಲೆ, ಕಂಬಗಳ ನಡುವೆ ಹಾದರೆ 1 ಅಂಕ. ಕೋಲಿಗೆ ಕೋಲು ತಾಕುವ ಸದ್ದು ಬೇಲಿಯಾಚೆಗೂ ಕೇಳಿಸುತ್ತದೆ.

ಇದೇ ಜಿಲ್ಲೆಯ ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ 1884ರ ನವೆಂಬರ್ 1ರಂದು ಮೈಕೇಲ್ ಕ್ಯೂಸಾಕ್ ಮತ್ತು ಕೆಲವೇ ಜೊತೆಗಾರರು ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಇಂಗ್ಲಿಷರ ಆಳಿಕೆಯಲ್ಲಿ ನಾಡಿನ ಆಟಗಳು ಅಳಿಯಬಾರದೆಂಬುದು ಅವರ ಹಂಬಲ. ಒಂದು ಇಗರ್ಜಿಗೆ ಸೇರಿದ ಊರುಕೇರಿಗಳಿಗೆ ಒಂದು ಕ್ಲಬ್ಬು ಎಂಬುದು ಸಾಮಾನ್ಯವಾದ ಕಟ್ಟಳೆಯಾಯಿತು. ಆಡಿದವರಿಗೆ ಸಂಬಳವಿಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 80,000 ಜನರ ಮುಂದೆ ಮೆರೆದ ವೀರನೂ ಹಿಂದಿರುಗಿ ಬಂದು ತನ್ನೂರಿನ ಅಂಗಿಯನ್ನೇ ತೊಡುತ್ತಾನೆ. ಸೋಮವಾರ ಶಾಲೆಗೋ ಹೊಲಕ್ಕೋ ಕೆಲಸಕ್ಕೆ ಹೋಗುತ್ತಾನೆ.

ಕಟಕಟೆಗೆ ಒರಗಿ ನಿಂತ ಮುದುಕನೊಬ್ಬ ಆಟ ನೋಡುತ್ತಿದ್ದಾನೆ. 2010ರಿಂದ ಎಲ್ಲರಿಗೂ ಶಿರಸ್ತ್ರಾಣ ಕಡ್ಡಾಯ. ಆಟಗಾರರ ಮುಖ ಕಾಣದು. ಆದರೆ ಮುದುಕನಿಗೆ ಮುಖದ ಅಗತ್ಯವಿಲ್ಲ. "ಓಟ ನೋಡು, ಥೇಟು ಅವರಜ್ಜನದೇ" ಎಂದು ಪಕ್ಕದವನಿಗೆ ಹೇಳುತ್ತಾನೆ. ಆ ಅಜ್ಜನ ಜೊತೆಯಲ್ಲಿ ಇವನೂ ಆಡಿದವನು. ಅತ್ತ ಒಬ್ಬ ತಾಯಿಯ ಕಣ್ಣು ಚೆಂಡಿನ ಮೇಲಿಲ್ಲ, ಮಗನ ಮೇಲೆ ನೆಟ್ಟಿದೆ. ಬೆಳಗ್ಗೆ ಸಹನೆಯ ಮೇಲೆ ಉಪದೇಶ ಕೊಟ್ಟ ಪಾದ್ರಿಗಳೇ ಈಗ ರೆಫರಿಯ ದೃಷ್ಟಿದೋಷವನ್ನು ಎಲ್ಲರಿಗಿಂತ ಗಟ್ಟಿಯಾಗಿ ಸಾರುತ್ತಿದ್ದಾರೆ!

ಅರ್ಧ ಗಂಟೆಗೆ ಸೀಟಿ. ವಿರಾಮ ದೊರೆತದ್ದೇ ತಡ, ಊರಿನ ಹುಡುಗರು ಹುಡುಗಿಯರು ಪುಟ್ಟ ಕೋಲುಗಳನ್ನು ಹಿಡಿದು ಮೈದಾನಕ್ಕೆ ನುಗ್ಗುತ್ತಾರೆ. ದೊಡ್ಡವರು ಚಹಾದ ಕಡೆಗೆ ನಡೆದರೂ ಮುದುಕ ನಿಂತ ಜಾಗವನ್ನು ಬಿಡುವುದಿಲ್ಲ. ಅವನು ಮಕ್ಕಳ ತಲೆ ಎಣಿಸುತ್ತಿದ್ದಾನೆ.

ಆ ಎಣಿಕೆಗೆ ಕಾರಣವಿದೆ. ಕೆಲಸ ಹುಡುಕಿಕೊಂಡು ಯುವಕರು ಡಬ್ಲಿನ್ನಿಗೆ, ಆಸ್ಟ್ರೇಲಿಯಕ್ಕೆ ಹೋಗುತ್ತಾರೆ. ಎಷ್ಟೋ ಸಣ್ಣ ಊರುಗಳಲ್ಲಿ 15 ಮಕ್ಕಳು ಕೂಡದೆ, ತಲೆಮಾರುಗಳ ಕಾಲ ಎದುರಾಳಿಗಳಾಗಿದ್ದವರು ಈಗ ಒಂದೇ ತಂಡವಾಗಿ ಆಡಬೇಕಾಗಿದೆ. ಕೋಲಿನ ಮರಕ್ಕೂ ಕೇಡು ತಪ್ಪಲಿಲ್ಲ: 2012ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡ ಶಿಲೀಂಧ್ರರೋಗ ಆ್ಯಶ್ ಮರಗಳನ್ನು ಒಣಗಿಸುತ್ತಿದೆ, ಬಿದಿರಿನ ಕೋಲುಗಳೂ ಬಂದಿವೆ. 2018ರಲ್ಲಿ ಯುನೆಸ್ಕೊ ಸಂಸ್ಥೆ ಹರ್ಲಿಂಗನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವ ದೊಡ್ಡದೇ. ಆದರೆ ಹದಿನೈದನೆಯ ಹುಡುಗನನ್ನು ಯಾವ ಪಟ್ಟಿ ತಂದುಕೊಟ್ಟೀತು? ಅವನು ಊರಿನಲ್ಲೇ ಹುಟ್ಟಬೇಕು, ಊರಿನಲ್ಲೇ ನಿಲ್ಲಬೇಕು.

ಮತ್ತೆ ಸೀಟಿ. ಮಕ್ಕಳು ಒಲ್ಲದ ಮನಸ್ಸಿನಿಂದ ಗೆರೆಯಾಚೆಗೆ ಓಡುತ್ತಾರೆ.

"ಎಷ್ಟಾಯಿತು?" ಎಂದು ಕೇಳುತ್ತಾನೆ ಪಕ್ಕದವನು.

"ಹದಿಮೂರು," ಎನ್ನುತ್ತಾನೆ ಮುದುಕ. ಕ್ಷಣ ತಡೆದು, ಆ ತಾಯಿಯ ಪಕ್ಕದಲ್ಲಿ ಕೈಗೂಸನ್ನು ಎತ್ತಿಕೊಂಡು ನಿಂತ ಸೊಸೆಯತ್ತ ಕಣ್ಣು ಹಾಯಿಸುತ್ತಾನೆ. "ಅಲ್ಲ, ಹದಿನಾಲ್ಕು."