ಅಟ್ಟದಿಂದ ಇಳಿದ ವಸ್ತುಗಳು

ಹಿರಿಯರು ಬಳಸಿ ಬಿಟ್ಟುಹೋದ ವಸ್ತುಗಳು ನಮ್ಮ ಮನೆಯ ಅಟ್ಟದ ಮೇಲೆ ಎಷ್ಟಿವೆ ಎಂಬುದು ಮನೆ ಕೆಡವುವ ದಿನದವರೆಗೆ ನಮಗೆ ತಿಳಿಯುವುದಿಲ್ಲ. ತಿಳಿದ ದಿನ ಅವುಗಳ ಹೆಸರು ಗೊತ್ತಿರುವುದಿಲ್ಲ. ನನಗಾದ ಈ ಅನುಭವವನ್ನು ಓದುಗ ಬಂಧುಗಳ ಮುಂದಿಡುವುದಕ್ಕೆ ಒಂದು ಕಾರಣವಿದೆ. ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡಬಾರದು.

ನಮ್ಮದು ಕೊಳ್ಳೇಗಾಲ ತಾಲ್ಲೂಕಿನ ಒಂದು ಹಳ್ಳಿ. ತಂದೆಯವರು ಲಿಂಗೈಕ್ಯರಾದ ಮರುವರ್ಷ ಸಹೋದರರೆಲ್ಲರೂ ಕೂಡಿ, ಬಿರುಕು ಬಿಟ್ಟಿದ್ದ ಹಳೆಯ ತೊಟ್ಟಿಮನೆಯನ್ನು ತೆಗೆದು ಹೊಸ ಮನೆ ಕಟ್ಟುವುದೆಂದು ನಿಶ್ಚಯಿಸಿದೆವು. ಕಂದಾಯ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾಗಿದ್ದ ನನಗೆ ಬಿಡುವು ಹೆಚ್ಚು. ಆದುದರಿಂದ ಅಟ್ಟ ಬರಿದು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತಮ್ಮನ ಮಗ ರಜೆಗೆ ಬಂದಿದ್ದನು. ಗುಜರಿಯವನು ಬರುವ ಮೊದಲು ಅವನು ಎಲ್ಲವನ್ನೂ ಜಗಲಿಯ ಮೇಲೆ ಸಾಲಾಗಿ ಇರಿಸಿ, ಮೊಬೈಲಿನಲ್ಲಿ ಒಂದೊಂದರ ಫೋಟೋ ತೆಗೆದನು. ಒಟ್ಟು ಹತ್ತೊಂಬತ್ತು ವಸ್ತುಗಳು.

ಆ ರಾತ್ರಿ ಬಂಧುಗಳೆಲ್ಲರ ಮೊಬೈಲಿಗೆ ಆ ಚಿತ್ರಗಳು ಹೋದವು. ಶ್ಯಾವಿಗೆ ಒರಳು, ಸೇರು ಬೀಗ, ಬೆಲ್ಲದ ಅಚ್ಚು ಮೊದಲಾದವನ್ನು ಯಾರಾದರೊಬ್ಬರು ಗುರುತಿಸಿದರು. ಉಳಿದ ಎಂಟಕ್ಕೆ ಹೆಸರು ಹೇಳುವವರಿರಲಿಲ್ಲ. ತೂತುಗಳಿದ್ದ ಒಂದು ಮರದ ಬಟ್ಟಲನ್ನು ಒಬ್ಬರು ದೀಪದ ಕಂಬದ ತಲೆ ಎಂದರು. ಕವಲೊಡೆದ ಕೋಲನ್ನು ಇನ್ನೊಬ್ಬರು ಬಳ್ಳಿಗೆ ಕೊಡುವ ಆಸರೆ ಎಂದರು. ಹಿತ್ತಾಳೆಯ ಅಳತೆಪಾತ್ರೆಯನ್ನು ಮೈಸೂರಿನಲ್ಲಿ ಹುಟ್ಟಿ ಬೆಳೆದ ನನ್ನ ಮೊಮ್ಮಗಳು ಹೂದಾನಿ ಎಂದಳು. ಮಕ್ಕಳನ್ನು ದೂರುವಂತಿರಲಿಲ್ಲ. ಆ ಮನೆಯಲ್ಲೇ ಬೆಳೆದ ನನಗೂ ಅವು ಗೊತ್ತಿರಲಿಲ್ಲ. ಅವ್ವ ಇದ್ದಿದ್ದರೆ ಒಂದು ಗಳಿಗೆಯಲ್ಲಿ ಹೇಳುತ್ತಿದ್ದಳು.

ಮುದುಕರ ಕಣ್ಣಿಗೆ ಮೊಬೈಲಿನ ಚಿತ್ರ ಕಾಣುವುದಿಲ್ಲವೆಂದು ಕೊಳ್ಳೇಗಾಲದ ಸ್ಟುಡಿಯೋ ಒಂದರಲ್ಲಿ ಫೋಟೋಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಚೀಲದಲ್ಲಿಟ್ಟುಕೊಂಡು ಹೊರಟೆ.

ಮೊದಲು ಹೋದದ್ದು ಹನೂರಿಗೆ. ಅಲ್ಲಿ ನನ್ನ ತಂಗಿಯ ಮನೆ. ಆಕೆಯ ಮಾವನವರಿಗೆ ಎಂಬತ್ತು ದಾಟಿದೆ. ಮರದ ಬಟ್ಟಲಿನ ಚಿತ್ರವನ್ನು ಕೈಗಿತ್ತೆ. ಅವರು ಹೆಸರು ಹೇಳಲಿಲ್ಲ. ಎದ್ದು ನಿಂತು, ಸೊಂಟ ಬಗ್ಗಿಸಿ, ಎಡಗೈಯಲ್ಲಿ ಏನನ್ನೋ ಹಿಡಿದವರಂತೆ ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ನಡೆದರು. ಬಲಗೈಯ ಬೆರಳುಗಳಿಂದ ಕಾಣದ ಬೀಜ ಉದುರುತ್ತಿತ್ತು. ಬಳಿಕ ಕುಳಿತು ಹೇಳಿದರು: “ಕೂರಿಗೆ ಬಟ್ಟಲು ಕಣಪ್ಪ. ಬೆರಳು ಸಡ್ಲ ಬುಟ್ರೆ ರಾಗಿ ಒತ್ತಾಗಿ ಬೀಳ್ತದ, ಬಿಗಿ ಹಿಡಿದ್ರೆ ಸಾಲು ಖಾಲಿ ಬೀಳ್ತದ.” ಬಟ್ಟಲಿನ ಒಂದೊಂದು ತೂತಿಗೂ ಒಂದೊಂದು ಬಿದಿರಿನ ಕೊಳವೆ, ಒಂದೊಂದು ಕೊಳವೆಯೂ ಒಂದೊಂದು ಹಲ್ಲಿನ ಹಿಂದೆ ನೆಲಕ್ಕಿಳಿಯುತ್ತದೆ. ಎತ್ತುಗಳು ಎಳೆಯುತ್ತ ಹೋದಂತೆ ಬಟ್ಟಲಿಗೆ ಹಾಕಿದ ಬೀಜ ಅಷ್ಟೂ ಸಾಲುಗಳಿಗೆ ಹಂಚಿ ಬೀಳುತ್ತದೆ. ನಡುನಡುವೆ ಅವರೆಯನ್ನೋ ತೊಗರಿಯನ್ನೋ ಅಕ್ಕಡಿ ಸಾಲಾಗಿ ಬಿಡಲು ಹಿಂದಿನಿಂದ ಇನ್ನೊಬ್ಬರು ಬೇರೆ ಕೊಳವೆ ಹಿಡಿದು ಬರುತ್ತಾರೆ. ಇಷ್ಟನ್ನೂ ಅವರ ಕೈ ಮರೆತಿರಲಿಲ್ಲ. ಹೆಸರು ನಾಲಿಗೆಗೆ ಬರುವ ಮೊದಲೇ ಕೆಲಸ ಕೈಗೆ ಬಂದಿತ್ತು.

ಕವಲುಕೋಲಿನ ಚಿತ್ರ ನೋಡಿ ತಂಗಿ ನಕ್ಕುಬಿಟ್ಟಳು. “ಅಣ್ಣ, ಇದ್ಕೂ ಫೋಟೋ ಹಿಡ್ಕಂಡು ತಿರುಗ್ತಿದ್ದಯಾ?” ಎಂದು ಒಲೆಯ ಹಿಂದಿನಿಂದ ಅಂತಹುದೇ ಒಂದನ್ನು ತಂದಿಟ್ಟಳು. ಅದು ಕವೆಗೋಲು. ಹಿಟ್ಟು ತೊಳಸುವಾಗ ಮಡಕೆ ಅಲುಗದಂತೆ ಕವಲಿನಲ್ಲಿ ಸಿಕ್ಕಿಸಿ ಅದುಮಿ ಹಿಡಿಯುವ ಸಾಧನ. ಮೈಸೂರಿನ ನನ್ನ ಮನೆಯಲ್ಲಿ ಗ್ಯಾಸಿನ ಒಲೆ ಬಂದು ಎಷ್ಟೋ ಕಾಲವಾಯಿತು. ಅಲ್ಲಿ ಮರೆತುಹೋದದ್ದು ಹನೂರಿನಲ್ಲಿ ಇನ್ನೂ ದಿನನಿತ್ಯದ ಬಳಕೆಯಲ್ಲಿದೆ. ಒಬ್ಬರಿಗೆ ಒಗಟಾದ ವಸ್ತು ಇನ್ನೊಂದು ಊರಿನವರಿಗೆ ಒಗಟಲ್ಲವೆಂಬುದು ಆ ದಿನ ನನಗೆ ಮನವರಿಕೆಯಾಯಿತು.

ಇದೇ ಹಾದಿಯಲ್ಲಿ ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ಪರದೇಶಿಯು ಹೀಗೆಯೇ ಕೇಳುತ್ತ ಹೋಗಿದ್ದನು. ಟಿಪ್ಪುವಿನ ಪತನಾನಂತರ, 1800ರಲ್ಲಿ, ಕಂಪನಿ ಸರ್ಕಾರವು ಕಳುಹಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಹನೂರು, ಕೌದಳ್ಳಿಗಳ ಮಾರ್ಗವಾಗಿ ಸಂಚರಿಸಿ, ಬೆಳೆ, ಅಳತೆ, ಕಸುಬುಗಳನ್ನು ವಿಚಾರಿಸಿ ಬರೆದುಕೊಂಡನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಗ್ರಂಥದಲ್ಲಿ ನಮ್ಮ ಬೇಸಾಯದ ಸಲಕರಣೆಗಳ ಚಿತ್ರಗಳೂ ಇವೆ. ಹೆಸರುಗಳನ್ನು ತನ್ನ ಕಿವಿಗೆ ಕೇಳಿಸಿದಂತೆ ಬರೆದಿದ್ದಾನೆ. ಅಲ್ಲಲ್ಲಿ ಉಚ್ಚಾರ ಕೆಟ್ಟಿದೆ. ಆದರೂ ಚಿತ್ರದ ಜೊತೆಗೆ ಹೆಸರನ್ನೂ ಉಪಯೋಗವನ್ನೂ ಕೇಳಿ ಬರೆದುಕೊಂಡದ್ದರಿಂದ ಅವು ಇಂದಿಗೂ ನಮಗೆ ಅರ್ಥವಾಗುತ್ತವೆ. ಪರಭಾಷೆಯವನಿಗಿದ್ದ ಆ ತಾಳ್ಮೆ ಮನೆಯವರಾದ ನಮಗಿಲ್ಲ.

ಎರಡನೆಯ ವಾರ ಕೊಳ್ಳೇಗಾಲದಲ್ಲಿಯೇ, ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿ ಆಯಸ್ಸು ಕಳೆದ ಹಿರಿಯರೊಬ್ಬರನ್ನು ಕಂಡೆ. ಎರಡು ಸಣ್ಣ ತೂತುಗಳಿದ್ದ ಒಂದು ಗೇಣುದ್ದದ ಮರದ ತುಂಡಿನ ಚಿತ್ರ ತೋರಿಸಿದೆ. ಅವರು ಒಪ್ಪಲಿಲ್ಲ. “ಪಟದಲ್ಲಿ ಹೇಳಕ್ಕಾಗಲ್ಲ ಸ್ವಾಮಿ, ವಸ್ತು ತನ್ನಿ” ಎಂದರು. ಅದೃಷ್ಟವಶಾತ್ ಆ ತುಂಡು ಇನ್ನೂ ಮನೆಯಲ್ಲಿತ್ತು. ಮರುದಿನ ಒಯ್ದುಕೊಟ್ಟಾಗ ಅವರು ತೂತಿನ ಅಂಚಿನ ಮೇಲೆ ಉಗುರು ಆಡಿಸಿದರು. ಕೂದಲಿನಷ್ಟು ಸಣ್ಣ ಗೆರೆಯೊಂದು ಮರವನ್ನು ಕೊರೆದಿತ್ತು. “ಎಳೆ ಓಡಿರೋ ಗುರುತು. ಇದು ಚರಕದ್ದೇ” ಎಂದರು. ಹಳೆಯ ಚರಕದಲ್ಲಿ ಒಬ್ಬರು ಬಿಸಿನೀರಿನ ಗೂಡುಗಳಿಂದ ಎಳೆಗಳನ್ನು ಎತ್ತಿ ಕೂಡಿಸಿದರೆ ಇನ್ನೊಬ್ಬರು ಚಕ್ರ ತಿರುಗಿಸಬೇಕು. ಎಳೆಯು ಇಂತಹ ತೂತಿನ ಮೂಲಕ ಹಾದು ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಚರಕ ಇತ್ತೆಂಬುದನ್ನೇ ನಾನು ಕೇಳಿರಲಿಲ್ಲ. ನಮ್ಮದು ಜಮೀನಿನ ಮನೆತನವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಬಿಸಿನೀರಿಗೆ ಕೈಯಿಟ್ಟು ದುಡಿದವರೂ ನಮ್ಮಲ್ಲಿದ್ದರೆಂದು ಆ ಮರದ ಗೆರೆ ಹೇಳಿತು. ಕಾಯಕವನ್ನು ದೊಡ್ಡದೆಂದು ಸಭೆಗಳಲ್ಲಿ ಕೇಳುತ್ತೇವೆ. ಸ್ವಂತ ಮನೆಯ ಕಾಯಕದ ಗುರುತನ್ನು ಮಾತ್ರ ಅಟ್ಟದ ಮೇಲೆ ಮರೆತಿರುತ್ತೇವೆ.

ಕೊನೆಗೆ ಹೋದದ್ದು ಯಳಂದೂರಿಗೆ, ನನ್ನ ಸೋದರತ್ತೆಯ ಮನೆಗೆ. ಗೌರೀಶ್ವರ ದೇವಾಲಯದ ಬಳೆಮಂಟಪದ ಮುಂದೆ ಹಾದು ಹೋಗುವಾಗ, ಕಲ್ಲಿನಲ್ಲಿ ಬಳೆಗಳ ಸರಪಣಿ ಕಡೆದ ಆ ಶಿಲ್ಪಿಯ ಉಳಿಗಳು ಎಂತಹವಿದ್ದಿರಬಹುದೆಂದು ಯೋಚಿಸಿದೆ. ಕೆಲಸ ನಿಂತಿದೆ, ಹತ್ಯಾರು ಹೋಗಿದೆ.

ಅತ್ತೆಗೆ ಈಗ ಎಂಬತ್ತಾರೋ ಎಂಬತ್ತೇಳೋ. 1954ರ ಸುಮಾರಿಗೆ ಆಕೆ ಮದುವೆಯಾಗಿ ಯಳಂದೂರಿಗೆ ಬಂದಾಗ ಎರಡು ರಾಜ್ಯಗಳ ಗಡಿ ದಾಟಿ ಬಂದಂತಾಗಿತ್ತು. ಕೊಳ್ಳೇಗಾಲವು ಆಗ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ ಬಂದಿತು. ಹಿತ್ತಾಳೆ ಪಾತ್ರೆಯ ಚಿತ್ರದಲ್ಲಿ ತಮ್ಮನ ಮಗನ ಕೈಯೂ ಕಾಣುತ್ತಿತ್ತು. ಅತ್ತೆ ಆ ಬೆರಳುಗಳ ಅಳತೆಗೆ ಪಾತ್ರೆಯನ್ನು ಹೋಲಿಸಿ ನೋಡಿ, “ಇದು ನಮ್ಮೂರ ಪಡಿ. ಇಲ್ಲಿ ಸೇರಲ್ಲ. ಬಂದ ಹೊಸದ್ರಲ್ಲಿ ಪಡಿ ಲೆಕ್ಕದಲ್ಲಿ ಅಕ್ಕಿ ಅಳ್ದು ನಮ್ಮತ್ತೆ ಕೈಲಿ ಬೈಸ್ಕಂಡಿದ್ದೆ” ಎಂದಳು. 1958ರಿಂದ ಹಂತಹಂತವಾಗಿ ಕಿಲೋ, ಲೀಟರುಗಳು ಬಂದ ಮೇಲೆ ಪಡಿ, ಸೇರು ಎರಡೂ ಅಟ್ಟ ಸೇರಿದವು. ಚಿತ್ರದಲ್ಲಿ ಆ ಕೈ ಇಲ್ಲದಿದ್ದರೆ ಅತ್ತೆಗೂ ಗುರುತು ಸಿಗುತ್ತಿರಲಿಲ್ಲ.

ಚೀಲದಲ್ಲಿ ಉಳಿದಿದ್ದ ಕೊನೆಯ ಚಿತ್ರವನ್ನು ನಾನು ತೋರಿಸಬೇಕೆಂದಿರಲಿಲ್ಲ. ಅದು ಕಪ್ಪಗೆ ಮಾಸಿ ಬಿರುಸಾದ ಬಟ್ಟೆಯ ಒಂದು ಮಡಿಕೆ. ಮೇಲೆ ನೂಲಿನ ಕಟ್ಟು. ಎಣ್ಣೆ ಹಿಡಿದ ಹಳೆಯ ಚಿಂದಿ ಎಂದೇ ತಿಳಿದಿದ್ದೆ. ಅತ್ತೆ ತಾನಾಗಿ ಅದನ್ನು ಎತ್ತಿಕೊಂಡಳು. ಬಹಳ ಹೊತ್ತು ಮಾತಾಡಲಿಲ್ಲ.

“ಇದು ಗೊತ್ತಾಗ್ನಿಲ್ವೇನಪ್ಪ? ಕಡತ. ನಮ್ಮ ತಾತನ ಕಡತ.”

ಮೂವತ್ತನಾಲ್ಕು ವರ್ಷ ನಾನು ದಿನವೂ ಬಳಸಿದ ಮಾತದು. ಕಡತ ಮಂಡಿಸಿದೆ, ಕಡತ ವಿಲೇವಾರಿಯಾಗಿದೆ ಎಂದು ಸಾವಿರಾರು ಸಲ ಬರೆದಿದ್ದೇನೆ. ಆ ಹೆಸರಿನ ಮೂಲ ವಸ್ತು ಕಣ್ಣೆದುರಿಗೆ ಬಂದಾಗ ಗುರುತಿಸಲಿಲ್ಲ.

ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಲ ಪುಡಿಗಳನ್ನು ಕಲಸಿ ಎರಡೂ ಕಡೆ ಬಳಿದು, ಒಣಗಿಸಿ, ಕತ್ತರಿಸದೆ ಪುಟಪುಟವಾಗಿ ಹಿಂದೆ ಮುಂದೆ ಮಡಿಸಿದರೆ ಅದು ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಾರೆ. ಬೇಡವಾದರೆ ಹಲಗೆಯಂತೆ ಒರೆಸಿ ಮತ್ತೆ ಬರೆಯಬಹುದು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಅವನು ಕಂಡ ಕಡತಗಳು ಹನ್ನೆರಡರಿಂದ ಹದಿನೆಂಟು ಅಡಿ ಉದ್ದವಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಆಕರಗಳಾಗಿವೆ.

ಅತ್ತೆ ಹೇಳುತ್ತ ಹೋದಳು. ಕಾಗದದ ಲೆಕ್ಕದ ಪುಸ್ತಕ ಬಂದ ಮೇಲೂ ನನ್ನ ಮುತ್ತಾತ ಕಡತ ಬಿಡಲಿಲ್ಲವಂತೆ. ಯಾರಿಗೆ ಎಷ್ಟು ರಾಗಿ ಸಾಲ, ಯಾರ ಮದುವೆಗೆ ಎಷ್ಟು ಮುಯ್ಯಿ, ಮಠದ ದಾಸೋಹಕ್ಕೆ ಎಷ್ಟು ಧಾನ್ಯ, ಎಲ್ಲವೂ ಅದರಲ್ಲಿ. ಮಳೆ ಹೋದ ಒಂದು ವರ್ಷ ಆತ ರಾಗಿ ಸಾಲದ ಪುಟವನ್ನು ಜಗಲಿಯ ಮೇಲೆ ಬಿಚ್ಚಿ, ಸಾಲಗಾರರ ಎದುರಿಗೇ ಒದ್ದೆ ಬಟ್ಟೆಯಿಂದ ಒರೆಸಿದ್ದನ್ನು ಈಕೆ ಕಂಬ ಹಿಡಿದು ನಿಂತು ನೋಡಿದ್ದಳಂತೆ. “ಕೊನೆ ಮಡಿಕೇಲಿ ಮಕ್ಕಳು ಹುಟ್ಟಿದ ದಿನ ಬರ್ದಿತ್ತು. ಅದನ್ನ ಮಾತ್ರ ಯಾವತ್ತೂ ಒರೆಸ್ಲಿಲ್ಲ. ನಾ ಹುಟ್ಟಿದ್ದೂ ಅದರಲ್ಲದ. ಎಲ್ಲದಪ್ಪ ಈಗ ಅದು?”

ಆಧಾರ್ ಚೀಟಿಯಲ್ಲಿ ಅತ್ತೆಯ ಜನ್ಮದಿನ ಜನವರಿ 1 ಎಂದಿದೆ. ಹುಟ್ಟಿದ ದಿನ ತಿಳಿಯದವರ ಅರ್ಜಿಗಳಲ್ಲಿ ಅಂದಾಜು ವಯಸ್ಸು ಬರೆಯುವುದು ನನ್ನ ಕೈಗೆ ಅಭ್ಯಾಸವಾಗಿದ್ದ ಕೆಲಸ.

ಸುಳ್ಳು ಹೇಳಲು ಬಾಯಿ ಬಂದಿತು. ಗುಜರಿಯವನು ಒಯ್ದನೆಂದರೆ ಮುಗಿಯುತ್ತಿತ್ತು. ಆದರೆ ಆಕೆಯ ಕೊರಳಿನ ಕರಡಿಗೆ ಕಣ್ಣಿಗೆ ಬಿದ್ದು ನಾಲಿಗೆ ಏಳಲಿಲ್ಲ. “ಫೋಟೋ ತೆಗೆದ ಮಾರನೆಯ ಬೆಳಿಗ್ಗೆ ಬಚ್ಚಲ ಒಲೆಗೆ ಹಾಕಿಬಿಟ್ಟೆ ಅತ್ತೆ. ಚಿಂದಿ ಅಂದ್ಕೊಂಡೆ” ಎಂದೆ.

ಅತ್ತೆ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಗೊತ್ತಿದ್ದು ಮಾಡ್ನಿಲ್ವಲ್ಲ, ಬುಡಪ್ಪ. ಕೇಳಿದ್ರೆ ಹೇಳ್ತಿದ್ದೆ” ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು. ನಾನು ಹೊರಡುವಾಗ ಆ ಚಿತ್ರವನ್ನು ಹಿಂದಕ್ಕೆ ಕೊಡಲಿಲ್ಲ. “ಈ ಪಟ ನನ್ನತ್ರವೇ ಇರ್ಲಿ” ಎಂದು ದೇವರಕೋಣೆಗೆ ಒಯ್ದಳು.

ಮನೆಗೆ ಬಂದು ತಮ್ಮನ ಮಗನಿಂದ ಆ ಚಿತ್ರವನ್ನು ಎಷ್ಟು ಸಾಧ್ಯವೋ ಅಷ್ಟು ದೊಡ್ಡದು ಮಾಡಿಸಿ ನೋಡಿದೆ. ಹೊರಮಡಿಕೆಯ ಮೇಲೆ ‘ರಾಗಿ’ ಎಂಬ ಎರಡಕ್ಷರ, ಪಕ್ಕದಲ್ಲಿ ಅರ್ಧ ಅಳಿಸಿದ ಅಂಕೆ, ಇಷ್ಟೇ ಓದಲು ಬಂದಿತು. ಒಳಮಡಿಕೆಗಳು ಫೋಟೋಗೆ ಸಿಕ್ಕಿರಲಿಲ್ಲ. ಬಿಚ್ಚಿ ನೋಡುವವರಿಲ್ಲದಿದ್ದರೆ ಕ್ಯಾಮೆರಾ ಏನು ಮಾಡೀತು?

ಆದುದರಿಂದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಅಟ್ಟ ಬರಿದು ಮಾಡುವ ಮುನ್ನ ಫೋಟೋ ತೆಗೆಯಿರಿ; ಆದರೆ ಅಷ್ಟಕ್ಕೇ ನಿಲ್ಲಬೇಡಿ. ಅಳತೆ ತಿಳಿಯುವಂತೆ ಪಕ್ಕದಲ್ಲಿ ಒಂದು ನಾಣ್ಯವನ್ನೋ ಅಂಗೈಯನ್ನೋ ಇಡಿ. ಮೇಲೆ, ಕೆಳಗೆ, ಒಳಗೆ, ಸವೆದ ಜಾಗ, ಸುಟ್ಟ ಜಾಗ, ಎಲ್ಲವನ್ನೂ ತೆಗೆಯಿರಿ. ಮಡಿಕೆಯಿದ್ದರೆ ಬಿಚ್ಚಿ. ಹಿರಿಯರ ಬಳಿ ಒಯ್ದು, ಇದರ ಹೆಸರೇನು ಎನ್ನುವುದಕ್ಕಿಂತ ಇದನ್ನು ಹಿಡಿಯುವುದು ಹೇಗೆ ಎಂದು ಕೇಳಿ. ಹೆಸರು ತಾನೇ ಬರುತ್ತದೆ. ಅವರ ಬಾಯಲ್ಲಿ ಬಂದ ಮಾತನ್ನು ತಿದ್ದದೆ ಚಿತ್ರದ ಹಿಂಬದಿಯಲ್ಲಿ ಬರೆಯಿರಿ. ಅವರು ಉತ್ತರ ಹೇಳುವವರೆಗೆ ಯಾವುದನ್ನೂ ಒಲೆಗೂ ಗುಜರಿಗೂ ಹಾಕಬೇಡಿ.

ಮನೆಯಲ್ಲಿ ಇರಿಸಿಕೊಳ್ಳಲು ಸ್ಥಳವಿಲ್ಲದಿದ್ದರೆ ದಾರಿಯಿದೆ. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಸ್ಥಾಪಿಸಿದ ಜಾನಪದ ವಸ್ತುಸಂಗ್ರಹಾಲಯವು ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿದೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವು 1994ರಿಂದ ರಾಮನಗರದ ಬಳಿಯಿದೆ. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದರೆ ತಮ್ಮ ಮನೆಯ ಎಷ್ಟೋ ಒಗಟುಗಳು ಅವರಿಗೇ ಬಿಡುತ್ತವೆ.

ನಮ್ಮ ಎಂಟು ವಸ್ತುಗಳಲ್ಲಿ ಐದಕ್ಕೆ ಹೆಸರು ಸಿಕ್ಕಿದೆ. ಮೂರು ಬಾಕಿಯಿವೆ. ಅವುಗಳ ಚಿತ್ರಗಳು ನನ್ನ ಚೀಲದಲ್ಲಿಯೇ ಇವೆ. ಮದುವೆ, ಜಾತ್ರೆ, ಶಿವಗಣಾರಾಧನೆ ಎಲ್ಲಿಗೆ ಹೋದರೂ ಜೊತೆಯಲ್ಲಿ ಒಯ್ಯುತ್ತೇನೆ. ಪಂಕ್ತಿಯಲ್ಲಿ ಯಾರಾದರೂ ವಯಸ್ಸಾದವರು ಪಕ್ಕದಲ್ಲಿ ಕುಳಿತರೆ ಊಟವಾದ ಮೇಲೆ ಮೆಲ್ಲನೆ ತೆಗೆದು ತೋರಿಸುತ್ತೇನೆ.