ಮೇಜಿನ ತುದಿಯಲ್ಲಿ ಕೂತವನು

ಮಕ್ಕಳು ಮಲಗಿದ ಮೇಲೆ ‘ಪ್ಯಾನ್ಸ್ ಲ್ಯಾಬಿರಿಂತ್’ (2006) ಮತ್ತೆ ನೋಡಿದೆ. ಕಥೆ ಪುಟ್ಟ ಹುಡುಗಿಯದಾದರೂ ಸಿನಿಮಾ ದೊಡ್ಡವರದು. ಅದರಲ್ಲಿ ಒಬ್ಬನನ್ನು ಬಾಟಲಿಯಿಂದ ಹೊಡೆಯುವ ದೃಶ್ಯ ನನ್ನ ಕೈಲೇ ನೋಡಕ್ಕಾಗಲ್ಲ.

1944ರ ಸ್ಪೇನ್. ಜನರಿಗೆ ರೇಷನ್ ಕಡಿತ, ಫ್ರಾಂಕೋ ಸೇನೆಯ ಕ್ಯಾಪ್ಟನ್ ವಿದಾಲ್ ಮನೆಯಲ್ಲಿ ಔತಣ. ಪಾದ್ರಿಯೂ ಆ ಊಟಕ್ಕೆ ಕೂತು ರೇಷನ್ ಕಡಿತಕ್ಕೆ ಹೌದಪ್ಪ ಅಂತಾನೆ. ಆಮೇಲೆ ಅಂಗೈಯಲ್ಲಿ ಕಣ್ಣಿರುವ, ಮಕ್ಕಳನ್ನು ತಿನ್ನುವ ಆ ಬಿಳಿಚಿದ ರಾಕ್ಷಸ ಬರ್ತಾನಲ್ಲ, ಅವನೂ ತುಂಬಿದ ಮೇಜಿನ ತುದಿಯಲ್ಲೇ ಕೂತಿರ್ತಾನೆ! ಕ್ಯಾಥೊಲಿಕ್ ಮನೆಯಲ್ಲಿ ಬೆಳೆದ ನಿರ್ದೇಶಕ ಡೆಲ್ ಟೊರೊ ಈ ಹೋಲಿಕೆಯನ್ನು ಬೇಕಂತಲೇ ಮಾಡಿದ್ದು. ಚರ್ಚಿಗೆ ಹೋಗುವ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೈಬಲಿನ ಪ್ರವಾದಿ ಆಮೋಸ ಇಂಥವರನ್ನು ಇದಕ್ಕಿಂತ ಖಾರವಾಗಿ ಬೈದಿದ್ದಾನೆ.

ಆ ಪುಟ್ಟ ಹುಡುಗಿ ಒಫೀಲಿಯಾ, ತಿನ್ನಬೇಡ ಅಂದಿದ್ದ ದ್ರಾಕ್ಷಿಯನ್ನೇ ತಿಂತಾಳೆ, ಥೇಟ್ ಏದೆನ್ ತೋಟ. ಆದರೆ ಕೊನೆಗೆ ಹಸುಗೂಸು ತಮ್ಮನ ಒಂದೆರಡು ಹನಿ ರಕ್ತ ಕೇಳಿದಾಗ ಕೊಡಲ್ಲ ಅಂತಾಳೆ. ಹರಿಯೋದು ಅವಳದೇ ರಕ್ತ. ಇದಕ್ಕಿಂತ ಕ್ರೈಸ್ತ ಕಥೆ ಇನ್ನೇನು ಬೇಕು?

“ದೆವ್ವದ ಸಿನಿಮಾ, ನೋಡ್ಬೇಡಮ್ಮ” ಅಂದ ಪ್ರಾರ್ಥನಾ ಕೂಟದ ಅಕ್ಕನಿಗೆ ಇದನ್ನೇ ಹೇಳೋಣ ಅಂತಿದೀನಿ. ನೋಡಿದವರು ಏನಂತೀರಿ?